ಕಾಗದದ ಮೇಲೊಂದು ಬದನೆಕಾಯಿ: ಉರುಷಿ ಚಿತ್ರ ಕಲಿತ ಹತ್ತು ತಿಂಗಳು

ಕಳೆದ ಭಾನುವಾರ ನನ್ನ ಮೊದಲ ಉರುಷಿ ಚಿತ್ರ ಮುಗಿಯಿತು. ಉರುಷಿ ಅಂದರೆ ಜಪಾನಿನ ಲ್ಯಾಕರ್, ಮರದ ಸಾಮಾನಿಗೆ ಬಳಿಯುವ ಹೊಳಪಿನ ಲೇಪ. ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದ, ಅದರ ಮೇಲೆ ಒಂದು ಬದನೆಕಾಯಿ. ಅಷ್ಟೇ. ಇಷ್ಟಕ್ಕೆ ಹತ್ತು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಚರ್ಮದ ಡಾಕ್ಟರ ಹತ್ತಿರ ಹೋದೆ. ನಾಲ್ಕು ಹಾಳೆ ಕೆಟ್ಟವು. ಒಂದು ರಾತ್ರಿ ಎಲ್ಲ ಬಿಟ್ಟುಬಿಡೋಣ ಅಂತ ಕೂತು ಅತ್ತೆ. ಶುರುವಿನಲ್ಲೇ ಯಾರಾದರೂ ಕನ್ನಡದಲ್ಲಿ ಕೂರಿಸಿ ಹೇಳಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಅದಕ್ಕೇ ನೆನಪು ಮಾಸುವ ಮೊದಲು ಬರೆದಿಡುತ್ತಿದ್ದೇನೆ.

ನಾವಿರುವುದು ಟೋಕಿಯೊದ ನಿಶಿ-ಕಸಾಯ್‌ನಲ್ಲಿ. ಇಲ್ಲಿ ನಮ್ಮ ದೇಶದವರು ಜಾಸ್ತಿ. ಎರಡು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಶಿಬಾತಾ ಜೆಶಿನ್ ಎಂಬ 19ನೇ ಶತಮಾನದ ಕಲಾವಿದರ ಚಿತ್ರ ನೋಡಿದೆ. ದೂರದಿಂದ ಮಸಿಯಲ್ಲಿ ಬರೆದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ತಲೆ ಸ್ವಲ್ಪ ಓರೆ ಮಾಡಿದರೆ ಕಪ್ಪಿನ ಮೇಲೆ ಬೆಳಕು ಜಾರುತ್ತದೆ, ಗೆರೆ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಅದು ಮಸಿ ಅಲ್ಲ, ಮರದ ಸೊನೆ ಅಂತ ಫಲಕದಲ್ಲಿ ಓದಿದಾಗ ನಂಬಲಿಲ್ಲ. ನಾನು ಅಂಕೋಲೆಯ ಕಡೆಯವಳು. ಸೊನೆ ಅಂದರೆ ನಮಗೆ ಮಾವಿನಕಾಯಿ ಕೀಳುವಾಗ ತೊಟ್ಟಿನಿಂದ ಚಿಮ್ಮಿ ಕೆನ್ನೆ ಸುಡುವ ವಸ್ತು. ಅದರಲ್ಲಿ ಚಿತ್ರ ಬರೆಯಬಹುದಾ?

ಬರೆಯಬಹುದು. ಆ ಸೊನೆಯೇ ಉರುಷಿ. ಅದರ ಮರ ಮಾವು, ಗೇರಿನ ಕುಟುಂಬದ್ದೇ. ಲ್ಯಾಕರ್ ಅಂದ ತಕ್ಷಣ ನಮಗೆ ಚನ್ನಪಟ್ಟಣದ ಬೊಂಬೆ ನೆನಪಾಗುತ್ತದೆ. ಆದರೆ ಅಲ್ಲಿ ಬಳಸುವುದು ಅರಗು. ಅದು ಹುಳದಿಂದ ಬರುವುದು, ಬಿಸಿಗೆ ಕರಗುವುದು. ಉರುಷಿ ಬಿಸಿಗೆ ಕರಗುವುದಿಲ್ಲ. ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮತ್ತೆ ನೀರಾಗುವುದಿಲ್ಲ. ಎರಡಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ.

ಹುಡುಕುವವರಿಗೆ ಇನ್ನೊಂದು ಮಾತು. ಉರುಷಿ-ಎ (ಎ ಅಂದರೆ ಚಿತ್ರ) ಅಂತ ಹುಡುಕಿದರೆ ಮೊದಲು ಸಿಗುವುದು 18ನೇ ಶತಮಾನದ ಮರದಚ್ಚಿನ ಚಿತ್ರಗಳು. ಓಕುಮುರಾ ಮಾಸಾನೋಬು ಮುಂತಾದವರವು. ಅವುಗಳಲ್ಲಿ ಉರುಷಿ ಇಲ್ಲ. ಮಸಿಗೆ ಪ್ರಾಣಿಯ ಗೋಂದು ಸೇರಿಸಿ ಹೊಳಪು ಬರಿಸಿರುವುದಷ್ಟೇ. ಹೆಸರು ಒಂದೇ, ವಿದ್ಯೆ ಬೇರೆ. ನಾನು ಇದನ್ನು ತಿಳಿಯದೆ ಒಂದು ತಿಂಗಳು ತಪ್ಪು ಪುಸ್ತಕ ಓದಿದೆ.

ನಿಜವಾದ ಸೊನೆಯಲ್ಲಿ ಕಾಗದದ ಮೇಲೆ ಬರೆಯುವುದನ್ನು ಎತ್ತರಕ್ಕೆ ಒಯ್ದವರು ಜೆಶಿನ್ (1807–1891). ಎಡೋದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ ಹುಟ್ಟಿದವರು. ಹನ್ನೊಂದನೇ ವಯಸ್ಸಿಗೇ ಉರುಷಿ ಕೆಲಸಕ್ಕೆ ಸೇರಿದರು. ಆಮೇಲೆ ಬೇರೆ ಗುರುಗಳ ಬಳಿ ಚಿತ್ರಕಲೆಯನ್ನೂ ಕಲಿತರು, ಅದಕ್ಕಾಗಿ ಕ್ಯೋಟೋಗೂ ಹೋದರು. ಎರಡೂ ಕೈಗೆ ಹತ್ತಿದ್ದರಿಂದಲೇ ಈ ಸಾಹಸ ಸಾಧ್ಯವಾಯಿತು. ಮರದ ಮೇಲೆ ಉರುಷಿ ಬಳಿಯುವುದು ಸಾವಿರಾರು ವರ್ಷದ ಕೆಲಸ. ಕಾಗದ ಹಾಗಲ್ಲ. ಅದು ಬಾಗುತ್ತದೆ, ಗಟ್ಟಿಯಾದ ಉರುಷಿ ಬಾಗಲು ಒಪ್ಪುವುದಿಲ್ಲ, ಸೀಳುತ್ತದೆ. ಅವರು ಬರೆದ ಚಿತ್ರಗಳನ್ನು ಸುರುಳಿ ಸುತ್ತಿದರೂ ಒಡೆಯದ ಹಾಗೆ ಮಾಡಿದರು.

ಇನ್ನು ನನ್ನ ಕಥೆಗೆ ಬರುತ್ತೇನೆ.

ಜನವರಿಯಲ್ಲಿ ಒಂದು ಸಣ್ಣ ಕಾರ್ಯಾಗಾರದ ತರಗತಿಗೆ ಅರ್ಜಿ ಹಾಕಿದೆ. ಎಂಟು ಜನರಿಗೆ ಮಾತ್ರ ಜಾಗ. ಅರ್ಜಿ ಅಂದರೆ ಜೋಡಿ ಪೋಸ್ಟ್‌ಕಾರ್ಡ್. ಒಂದು ಅರ್ಧದಲ್ಲಿ ನಮ್ಮ ವಿವರ, ಇನ್ನೊಂದು ಅರ್ಧದಲ್ಲಿ ನಮ್ಮದೇ ವಿಳಾಸ. ಚೀಟಿ ಎತ್ತಿ ಆಯ್ಕೆ ಮಾಡಿ, ಆ ಉಳಿದ ಅರ್ಧದಲ್ಲಿ ಉತ್ತರ ಬರೆದು ಕಳಿಸುತ್ತಾರೆ. ಜಪಾನಿಗೆ ಹೊಸದಾಗಿ ಬಂದವರು ಇಲ್ಲಿ ಎಡವುತ್ತಾರೆ. ಉತ್ತರದ ಭಾಗದ ಹಿಂಬದಿಯನ್ನು ಖಾಲಿ ಬಿಡಬೇಕು. ನಾನು ಅಲ್ಲೂ ಚೆಂದಾಗಿ ಏನೋ ಬರೆದು ತುಂಬಿಸಿದ್ದೆ. ಕಾರ್ಡ್ ವಾಪಸ್ ಬಂತು. ಮತ್ತೆ ಕೊಂಡು ಮತ್ತೆ ಬರೆದೆ. ಮಾರ್ಚ್ ಮಧ್ಯದವರೆಗೆ ಅಂಚೆ ಡಬ್ಬಿ ನೋಡುವುದೇ ಕೆಲಸ. ಆಯ್ಕೆಯಾದ ಕಾರ್ಡ್ ಬಂದ ದಿನ ಅದನ್ನು ದೇವರ ಮುಂದೆ ಇಟ್ಟೆ.

ಅದರ ಹಿಂದೆಯೇ ಆರೋಗ್ಯದ ಒಂದು ಫಾರಂ ಬಂತು. ಮಾವು ತಿಂದರೆ ಬಾಯಿ ತುರಿಸುತ್ತದಾ? ಗೋಡಂಬಿ, ಪಿಸ್ತಾ ಆಗುತ್ತದಾ? ಗಿಂಕೋ ಎಂಬ ಇಲ್ಲಿಯ ಮರದ ಹಣ್ಣು ಮುಟ್ಟಿ ದದ್ದು ಎದ್ದಿದೆಯಾ? ಕೊನೆಗೆ, ದದ್ದು ಎದ್ದರೆ ನನ್ನದೇ ಜವಾಬ್ದಾರಿ ಅಂತ ಸಹಿ. ಮಾವಿನ ಸೊನೆ ಮೈಗೆ ಆಗುವುದಿಲ್ಲ ಅಂತ ನಿಜವನ್ನೇ ಬರೆದೆ. ಗುರುಗಳು ಫೋನ್ ಮಾಡಿ, "ನಿಮಗೆ ಖಂಡಿತ ದದ್ದು ಏಳುತ್ತದೆ, ಆದರೂ ಬರುತ್ತೀರಾ?" ಅಂತ ಕೇಳಿದರು. ಬರುತ್ತೇನೆ ಅಂದೆ. ನೀವೂ ಈ ಫಾರಂನಲ್ಲಿ ಏನನ್ನೂ ಮುಚ್ಚಿಡಬೇಡಿ. ನನಗೆ ಮೊದಲ ದಿನದಿಂದಲೇ ಬೇರೆ ಮೇಜು, ಉದ್ದ ತೋಳಿನ ಅಂಗಿ, ದಪ್ಪ ಕೈಗವಸು ಕೊಟ್ಟದ್ದು ಆ ಫಾರಂ ನೋಡಿಯೇ.

ತರಗತಿಗೆ ಮೊದಲು ಸಾಮಾನು ಕೊಳ್ಳುವ ಆತುರದಲ್ಲಿ ಒಂದು ತಪ್ಪು ಮಾಡಿದೆ. ಒಂದು ಅಂಗಡಿಯಲ್ಲಿ ಕಪ್ಪು ಉರುಷಿ ಕೇಳಿದರೆ, ಹೊಸಬರಿಗೆ ಇದೇ ಒಳ್ಳೆಯದು ಅಂತ ಅಗ್ಗದ ಡಬ್ಬಿ ಕೊಟ್ಟರು. ಮನೆಗೆ ಬಂದು ಓದಿದರೆ ಅದು ಕಾಶೂ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಬಣ್ಣ. ನೋಡಲು ಉರುಷಿಯಂತೆಯೇ ಇರುತ್ತದೆ, ಬರೀ ಗಾಳಿಗೇ ಒಣಗುತ್ತದೆ, ದದ್ದಿನ ಕಾಟವೂ ಕಡಿಮೆ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಲ್ಲಿ ಹೆಂಗಸರ ಬೆರಳು ಕಪ್ಪು ಮಾಡುವ ಎಣ್ಣೆ ಇಲ್ಲಿ ಬಣ್ಣದ ಡಬ್ಬಿಯಾಗಿ ಕೂತದ್ದು ಕಂಡು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಕಾಶೂ ಕೆಟ್ಟದ್ದಲ್ಲ. ಆದರೆ ನಿಮಗೆ ಬೇಕಿರುವುದು ಉರುಷಿಯಾದರೆ, ಡಬ್ಬಿಯ ಮೇಲಿನ ಹೆಸರು ಓದಿ ಕೊಳ್ಳಿ. ಇನ್ನೂ ಒಳ್ಳೆಯದು, ಮೊದಲ ತರಗತಿ ಆಗುವವರೆಗೆ ಏನನ್ನೂ ಕೊಳ್ಳಬೇಡಿ.

ಏಪ್ರಿಲ್‌ನಲ್ಲಿ ಶುರುವಾಯಿತು. ತಿಂಗಳಿಗೆ ಎರಡು ಭಾನುವಾರ. ಮೊದಲ ದಿನ ಗುರುಗಳು ಮರದ ತುಂಡೊಂದನ್ನು ಕೈಗೆ ಕೊಟ್ಟರು. ತೊಗಟೆಯ ಮೇಲೆ ಅಡ್ಡ ಗೀರುಗಳು, ಒಂದರ ಮೇಲೊಂದು, ಕೆಳಗಿನಿಂದ ಮೇಲಕ್ಕೆ ಉದ್ದವಾಗುತ್ತಾ ಹೋಗಿದ್ದವು. ನಮ್ಮ ಕಡೆ ರಬ್ಬರ್ ಮರಕ್ಕೆ ಗೀರು ಹಾಕುತ್ತಾರಲ್ವಾ, ಹಾಗೆಯೇ. ಆದರೆ ಉರುಷಿ ಮರವನ್ನು ಹತ್ತು ಹದಿನೈದು ವರ್ಷ ಬೆಳೆಸಿ, ಒಂದೇ ಬೇಸಿಗೆಯಲ್ಲಿ ಪೂರ್ತಿ ಸೊನೆ ತೆಗೆದು, ಮರ ಕಡಿದುಬಿಡುತ್ತಾರೆ. ಬುಡದಿಂದ ಮತ್ತೆ ಚಿಗುರುತ್ತದೆ. ಒಂದು ಮರದಿಂದ ಸಿಗುವುದು ಸುಮಾರು 200 ಗ್ರಾಂ, ಒಂದು ಲೋಟದಷ್ಟು. ಜಪಾನಿನದೇ ಉರುಷಿ ಹೆಚ್ಚಾಗಿ ಬರುವುದು ಇವಾತೆ ಪ್ರಾಂತ್ಯದ ಜೋಬೋಜಿಯಿಂದ. ಅದು ದುಬಾರಿ. ಇಲ್ಲಿ ಬಳಸುವ ಉರುಷಿಯ ಬಹುಪಾಲು ಚೀನಾದ್ದೇ. ನಮಗೆ ಕೊಟ್ಟದ್ದೂ ಅದೇ. ಆದರೂ ಆ ತುಂಡು ಕೈಯಲ್ಲಿ ಹಿಡಿದ ಮೇಲೆ ಗಾಜಿನ ಮೇಲೆ ಉಳಿದ ಒಂದು ಹನಿಯನ್ನೂ ಒರೆಸಿ ಬಿಸಾಡಲು ಮನಸ್ಸು ಬರಲಿಲ್ಲ.

ಎರಡನೇ ಮಾತು, ಇದೇ ಎಲ್ಲಕ್ಕಿಂತ ಮುಖ್ಯ. ಉರುಷಿ ಒಣಗುವುದಿಲ್ಲ. ನೀರು ಆರಿ ಗಟ್ಟಿಯಾಗುವ ಬಣ್ಣ ಇದಲ್ಲ. ಅದರೊಳಗಿನ ಲ್ಯಾಕೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕ ಹಿಡಿದು ಸೊನೆಯನ್ನು ಗಟ್ಟಿ ಮಾಡುತ್ತದೆ. ಆ ಕಿಣ್ವಕ್ಕೆ ಬೆಚ್ಚಗೆ ಬೇಕು, ತೇವ ಬೇಕು. 20ರಿಂದ 25 ಡಿಗ್ರಿ, ತೇವ ನೂರಕ್ಕೆ 70ರಿಂದ 80. ಬಿಸಿಲಿಗಿಟ್ಟರೆ, ಫ್ಯಾನ್ ಹಾಕಿದರೆ ಕೆಡುತ್ತದೆ. ಹಾಲಿಗೆ ಹೆಪ್ಪು ಹಾಕಿ ಬೆಚ್ಚಗೆ ಮುಚ್ಚಿಡುವುದನ್ನು ನೆನೆಸಿಕೊಳ್ಳಿ. ಹೆಚ್ಚು ಬಿಸಿಯಾದರೆ ಹುಳಿ, ಚಳಿಯಾದರೆ ಹಾಲಾಗಿಯೇ ಉಳಿಯುತ್ತದೆ. ಉರುಷಿಗೂ ಅಂಥದೇ ಒಂದು ಜಾಗ ಬೇಕು. ಒದ್ದೆ ಬಟ್ಟೆ ಇಟ್ಟ ಮರದ ಕಪಾಟು. ಅದಕ್ಕೆ ಮುರೊ ಅನ್ನುತ್ತಾರೆ, ಫುರೊ ಅಂತಲೂ ಅನ್ನುತ್ತಾರೆ. ಸ್ನಾನಕ್ಕೂ ಇಲ್ಲಿ ಫುರೊ ಅಂತಲೇ ಹೆಸರು.

ಚಿತ್ರಕ್ಕೆ ಬದನೆಕಾಯಿ ಕೊಟ್ಟರು. ಕಪ್ಪು ಉರುಷಿಯ ಹೊಳಪಿಗೆ ಬದನೆಯ ಸಿಪ್ಪೆಗಿಂತ ಒಳ್ಳೆಯ ಜೋಡಿ ಇಲ್ಲ ಅಂದರು. ಮೊದಲ ಹಾಳೆಯ ಮೇಲೆ ಕುಂಚ ಇಟ್ಟೆ. ಎರಡು ನಿಮಿಷದಲ್ಲಿ ಗೆರೆಯ ಸುತ್ತ ಎಣ್ಣೆ ಹರಡಿದ ಹಾಗೆ ಕಂದು ಕಲೆ. ವಡೆ ಇಟ್ಟ ಪೇಪರ್ ಇರುತ್ತದಲ್ಲ, ಹಾಗೆ. ಕಾಗದಕ್ಕೆ ಮೊದಲು ಗೋಂದು ಮತ್ತು ಪಟಿಕದ ನೀರು ಬಳಿಯಬೇಕಿತ್ತು. ಆ ನೀರಿಗೆ ದೋಸಾ ಅಂತ ಹೆಸರು. ಮನೆಯಲ್ಲಿ ಹೇಳಿದರೆ ಮಗಳು "ದೋಸೆನಾ ಅಮ್ಮಾ?" ಅಂತ ಮೂರು ದಿನ ಕೇಳಿದಳು. ಗುರುಗಳು ಬೇಕೆಂದೇ ಹೇಳಿರಲಿಲ್ಲ. ಒಮ್ಮೆ ಕಲೆ ನೋಡಿದವರು ಆಮೇಲೆ ದೋಸಾ ಮರೆಯುವುದಿಲ್ಲ ಅನ್ನುವುದು ಅವರ ಲೆಕ್ಕ.

ಮೇ ತಿಂಗಳಲ್ಲಿ ದದ್ದು ಎದ್ದಿತು. ತರಗತಿ ಮುಗಿದ ಎರಡನೇ ದಿನ ಮಣಿಕಟ್ಟಿನ ಒಳಬದಿ ತುರಿಸಿತು. ಮೂರನೇ ದಿನ ಕಣ್ಣಿನ ರೆಪ್ಪೆ ಊದಿತು. ಕೈಗವಸು ಹಾಕಿದ್ದೆ, ಆದರೆ ಅದೇ ಕೈಯಲ್ಲಿ ಕೂದಲು ಸರಿ ಮಾಡಿಕೊಂಡಿದ್ದೆ. ರಾತ್ರಿ ಬೆಚ್ಚಗಾದರೆ ತುರಿಕೆ ಹೆಚ್ಚು, ನಿದ್ದೆ ಇಲ್ಲ. ಚರ್ಮದ ಡಾಕ್ಟರ ಬಳಿ ಎರಡು ಗಂಟೆ ಕಾದೆ. ಉರುಷಿ ಅಂದ ಕೂಡಲೇ ಅವರು ತಲೆಯಾಡಿಸಿ ಸ್ಟೀರಾಯ್ಡ್ ಮುಲಾಮು, ತುರಿಕೆಯ ಮಾತ್ರೆ ಬರೆದರು. ವಿಮೆ ಇದ್ದರೆ ಖರ್ಚಿನ ನೂರಕ್ಕೆ 30 ಮಾತ್ರ ನಾವು ಕೊಡುವುದು. ಎರಡು ಸಲಕ್ಕೆ ಔಷಧಿ ಸೇರಿ ಸುಮಾರು 5,000 ಯೆನ್ ಆಯಿತು. ಪೂರ್ತಿ ವಾಸಿಯಾಗಲು ಎರಡು ವಾರ.

ಆ ಎರಡು ವಾರದಲ್ಲೇ ನಾನು ಅತ್ತದ್ದು. ಕನ್ನಡಿ ನೋಡಲು ಆಗುತ್ತಿರಲಿಲ್ಲ. ಗಂಡ "ಬಿಟ್ಟುಬಿಡು, ಯಾರು ಬಲವಂತ ಮಾಡಿದರು?" ಅಂದರು. ಅದು ಪ್ರೀತಿಯ ಮಾತೇ, ಆದರೂ ಚುಚ್ಚಿತು. ಊರಿಗೆ ಫೋನ್ ಮಾಡಿದೆ. ಅಮ್ಮ ಕೇಳಿದ್ದು ಒಂದೇ, "ಸೊನೆ ತಾಗಿದ ಮೇಲೆ ನೀರು ಹಾಕಿದೆಯಾ, ಎಣ್ಣೆ ಹಚ್ಚಿದೆಯಾ?" ಮಾವು ಕೀಳುವವರು ಮೈಗೆ ಎಣ್ಣೆ ಸವರಿಕೊಂಡು ಮರ ಹತ್ತುವುದು ನಾನೇ ನೋಡಿದ್ದೆ. ಇಲ್ಲಿಯವರು ಹೇಳುವುದೂ ಅದನ್ನೇ. ಕೆಲಸಕ್ಕೆ ಮೊದಲು ಕೈಗೆ ಮುಲಾಮು ಅಥವಾ ಎಣ್ಣೆ. ಉರುಷಿ ತಾಗಿದರೆ ಮೊದಲು ಅಡುಗೆ ಎಣ್ಣೆಯಲ್ಲಿ ಒರೆಸಬೇಕು, ಆಮೇಲೆ ಸೋಪು. ನೀರಿನಿಂದ ಶುರು ಮಾಡಬೇಡಿ. ಮುಖ ಮುಟ್ಟಬೇಡಿ, ಫೋನ್ ಮುಟ್ಟಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಅಥವಾ ಮುಖ ಪೂರ್ತಿ ಊದಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಪೂರ್ತಿ ಗಟ್ಟಿಯಾದ ಉರುಷಿ ಏನೂ ಮಾಡುವುದಿಲ್ಲ. ಅದರ ಬಟ್ಟಲಲ್ಲಿ ಜನ ದಿನವೂ ಸಾರು ಕುಡಿಯುತ್ತಾರೆ. ಕಾಟ ಕೊಡುವುದು ಹಸಿ ಸೊನೆ ಮಾತ್ರ.

ಎರಡು ತರಗತಿ ತಪ್ಪಿದವು. ಆ ಹಣ ವಾಪಸ್ ಬರಲಿಲ್ಲ. ಸೇರುವ ಮೊದಲು ಇದನ್ನೂ ಕೇಳಿಕೊಳ್ಳಿ.

ಜೂನ್‌ನಲ್ಲಿ ಮತ್ತೆ ಕುಳಿತೆ. ಕೆಲಸದ ಕ್ರಮ ಹೀಗೆ. ತೆಳು ಕಾಗದದಲ್ಲಿ ಉರುಷಿ ಸುತ್ತಿ, ಎರಡೂ ತುದಿ ತಿರುಚಿ ಹಿಂಡಬೇಕು. ಕಸ ಕಾಗದದಲ್ಲಿ ಉಳಿದು, ಶುದ್ಧ ಉರುಷಿ ಗಾಜಿನ ಮೇಲೆ ಬೀಳುತ್ತದೆ. ಬೀಳುವಾಗ ಜೋನಿಬೆಲ್ಲದ ಹಾಗೆ ಕಂದು ದಾರ. ಬೇಕಾದರೆ ಒಂದೆರಡು ಹನಿ ಕರ್ಪೂರದ ಎಣ್ಣೆ ಸೇರಿಸಿ ತೆಳು ಮಾಡಬಹುದು. ಆ ವಾಸನೆಗೆ ಕೋಣೆಯೆಲ್ಲ ಮಂಗಳಾರತಿಯ ಹೊತ್ತಿನ ದೇವಸ್ಥಾನದ ಹಾಗಾಗುತ್ತದೆ. ನನಗೆ ತರಗತಿಯಲ್ಲಿ ತುಂಬಾ ಇಷ್ಟವಾದ ಗಳಿಗೆ ಅದು. ಆಮೇಲೆ ಕುಂಚ. ಸಣ್ಣ ಕುಂಚದ ತುದಿಯನ್ನು ಎಳೆಯುವಾಗ ಉರುಷಿ ಕೈಯನ್ನು ಹಿಂದಕ್ಕೆ ಹಿಡಿಯುತ್ತದೆ. ನೀರುಬಣ್ಣದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ನಿಧಾನವಾಗಿ, ಒಂದೇ ಉಸಿರಿನಲ್ಲಿ ಎಳೆಯಬೇಕು.

ಎರಡನೇ ಹಾಳೆ ಬಹಳ ಚೆಂದ ಬಂತು. ಬದನೆಯ ಹೊಟ್ಟೆಗೆ ದಪ್ಪಗೆ ಬಳಿದಿದ್ದೆ, ಹೊಳಪು ಜಾಸ್ತಿ ಬರಲಿ ಅಂತ. ಆಗ ಟೋಕಿಯೊದಲ್ಲಿ ಮಳೆಗಾಲ. ಮುರೊ ಒಳಗೆ ತೇವ ಏರಿ ಹೋಗಿತ್ತು. ಮರುದಿನ ನೋಡಿದರೆ ಮೇಲಿನ ಪದರ ಬೇಗ ಗಟ್ಟಿಯಾಗಿ, ಒಳಗೆ ಹಸಿಯೇ ಉಳಿದು, ಸಿಪ್ಪೆ ಪೂರ್ತಿ ಸುಕ್ಕು. ಕಾದ ಹಾಲಿನ ಕೆನೆ ಮುದುಡಿದ ಹಾಗೆ. ಇದಕ್ಕೆ ಚಿಜಿಮಿ ಅನ್ನುತ್ತಾರೆ. ಸರಿ ಮಾಡಲು ಬರುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಇಡಲೇಬೇಡಿ. ಪದರ ಎಷ್ಟು ತೆಳು ಬೇಕು ಅಂತ ನಿಮಗೆ ಅನಿಸುತ್ತದೋ ಅದರ ಅರ್ಧ ಮಾಡಿ.

ಜುಲೈನಲ್ಲಿ ಮೂರನೆಯದು. ಸುಕ್ಕಿಲ್ಲ, ಕಲೆ ಇಲ್ಲ. ಕುಣಿಯುವುದೊಂದು ಬಾಕಿ. ಗುರುಗಳು ಹಾಳೆಯನ್ನು ಬಿದಿರಿನ ಕೋಲಿಗೆ ಮೆಲ್ಲನೆ ಸುತ್ತಿದರು. "ಚಿಟ್" ಅಂತ ಸಣ್ಣ ಸದ್ದು. ಬದನೆಯ ಹೊಟ್ಟೆಯ ಮೇಲೆ ಕೂದಲಿನಂಥ ಬಿರುಕು. ಇನ್ನೂ ದಪ್ಪ. ಅವರು ಏನೂ ಹೇಳಲಿಲ್ಲ, ಹಾಳೆಯನ್ನು ನನ್ನ ಕೈಗಿಟ್ಟರು. ಜೆಶಿನ್ ಅವರ ಸುರುಳಿಗಳ ಬೆಲೆ ನನಗೆ ಅರ್ಥವಾದದ್ದು ಆ ಸದ್ದಿನಲ್ಲಿ.

ನಾಲ್ಕನೆಯದರಲ್ಲಿ ಕಾಯಿ ಸರಿಯಾಯಿತು, ತೊಟ್ಟು ಕೆಟ್ಟಿತು. ಇಲ್ಲಿಯ ಬದನೆಯ ತೊಟ್ಟು ಕಪ್ಪು ನೇರಳೆ. ನನಗೆ ಊರಿನ ಬದನೆಯ ಹಸಿರು ತೊಟ್ಟೇ ಬೇಕಿತ್ತು. ಗುರುಗಳು ಸ್ವಲ್ಪ ಯೋಚಿಸಿ ಒಪ್ಪಿದರು. ಹಸಿರು ಬಳಿದು ಮುರೊದಲ್ಲಿಟ್ಟೆ. ಒಂದು ವಾರ, ಎರಡು ವಾರ, ಮೂರು ವಾರ. ಕಾಯಿ ಗಟ್ಟಿ, ತೊಟ್ಟು ಮಾತ್ರ ಅಂಟು. ಕಾರಣ ಸಿಕ್ಕಿದ್ದು ಕುಂಚದಲ್ಲಿ. ಉರುಷಿ ಕುಂಚವನ್ನು ನೀರಿನಲ್ಲಿ ತೊಳೆಯುವುದಿಲ್ಲ, ಎಣ್ಣೆಯಲ್ಲಿ ತೊಳೆದು ಎಣ್ಣೆಯಲ್ಲೇ ಇಡುತ್ತಾರೆ. ಮತ್ತೆ ಬಳಸುವ ಮೊದಲು ಆ ಎಣ್ಣೆಯನ್ನು ಪೂರ್ತಿ ಹಿಂಡಿ ತೆಗೆಯಬೇಕು, ಸ್ವಲ್ಪ ಉರುಷಿಯಲ್ಲೇ ಕುಂಚವನ್ನು ಜಾಲಾಡಿ ಒರೆಸಬೇಕು. ನಾನು ಅವಸರ ಮಾಡಿದ್ದೆ. ಅಡುಗೆ ಎಣ್ಣೆ ಎಂದೂ ಗಟ್ಟಿಯಾಗುವುದಿಲ್ಲ, ಅದು ಸೇರಿದ ಉರುಷಿಯೂ ಆಗುವುದಿಲ್ಲ. ಮೈ ಕಾಯುವ ಎಣ್ಣೆಯೇ ಚಿತ್ರ ಕೆಡಿಸುತ್ತದೆ.

ಐದನೆಯದನ್ನು ನವೆಂಬರ್‌ನಲ್ಲಿ ಮನೆಯಲ್ಲೇ ಶುರು ಮಾಡಿದೆ. ಟೋಕಿಯೊದ ಚಳಿಗಾಲ ತುಂಬಾ ಒಣ. ತುಟಿ ಒಡೆಯುತ್ತದೆ, ಉರುಷಿ ಹಾಗೆಯೇ ಕೂರುತ್ತದೆ. ಮುಚ್ಚಳವಿರುವ ದೊಡ್ಡ ರಟ್ಟಿನ ಪೆಟ್ಟಿಗೆ ತಂದೆ. ಒಳಗೆ ಪ್ಲಾಸ್ಟಿಕ್ ಹಾಳೆ, ತಳದಲ್ಲಿ ಹಿಂಡಿದ ಒದ್ದೆ ಟವೆಲ್, ಮೇಲೆ ಕಡ್ಡಿಗಳ ಅಟ್ಟ, ಒಂದು ತೇವ-ತಾಪದ ಮೀಟರ್. ಪೆಟ್ಟಿಗೆಯ ಕೆಳಗೆ ಕಡಿಮೆ ಬಿಸಿಯ ವಿದ್ಯುತ್ ಚಾಪೆ. ಎಲ್ಲ ಸೇರಿ ಸುಮಾರು 4,000 ಯೆನ್. ಚಾಪೆ ಹಾಕಿ ಹೊರಗೆ ಹೋಗಬೇಡಿ, ಮಲಗುವ ಮೊದಲು ಆರಿಸಿ. ಪದರಕ್ಕೂ ಪದರಕ್ಕೂ ನಡುವೆ ಹತ್ತು ದಿನ ಬಿಟ್ಟೆ. ಕಾಯಿಗೆ ಐದು ಪದರ, ಒಂದೊಂದೂ ಹೆಚ್ಚುಕಮ್ಮಿ ಕಾಣದಷ್ಟು ತೆಳು. ರಾತ್ರಿ ಎದ್ದು ಮೀಟರ್ ನೋಡುತ್ತಿದ್ದೆ. ಮಗಳು ಹಸುಗೂಸಾಗಿದ್ದಾಗ ಎದ್ದು ಜ್ವರ ನೋಡುತ್ತಿದ್ದ ಹಾಗೆ.

ಗಟ್ಟಿಯಾಗಿದೆಯಾ ಅಂತ ಬೆರಳಿಟ್ಟು ನೋಡಬಾರದು. ಮುಖ ಹತ್ತಿರ ತಂದು ಹಾ ಅಂತ ಉಸಿರು ಬಿಡಬೇಕು. ಹಸಿ ಇದ್ದರೆ ಉಸಿರು ನಿಲ್ಲುವುದಿಲ್ಲ. ಹೆಪ್ಪುಗಟ್ಟಲು ಶುರುವಾಗಿದ್ದರೆ ಕಪ್ಪಿನ ಮೇಲೆ ನೀಲಿ ಮಿಶ್ರಿತ ಮಂಜು ಕೂತು ಮೆಲ್ಲಗೆ ಆರುತ್ತದೆ. ಜನವರಿಯ ಒಂದು ಬೆಳಿಗ್ಗೆ ನನ್ನ ಬದನೆಯ ಮೇಲೆ ಆ ಮಂಜು ಕೂತಿತು. ಮಾರುಕಟ್ಟೆಯಿಂದ ತಂದ ಎಳೆ ಬದನೆಯ ಮೇಲೆ ಇರುತ್ತದಲ್ಲ, ಒರೆಸಿದರೆ ಹೋಗುವ ಆ ಮಸುಕು, ಥೇಟ್ ಅದೇ. ಎಲ್ಲರನ್ನೂ ಎಬ್ಬಿಸಿ ತೋರಿಸಿದೆ.

ಕಳೆದ ಭಾನುವಾರ ಗುರುಗಳು ಅದನ್ನು ಕೋಲಿಗೆ ಸುತ್ತಿದರು. ನಾನು ಕಣ್ಣು ಮುಚ್ಚಿದ್ದೆ. ಸದ್ದು ಬರಲಿಲ್ಲ.

ಲೆಕ್ಕ ಬೇಕಾದವರಿಗೆ: ತರಗತಿಗೆ 4,500 ಯೆನ್‌ನಂತೆ ಇಪ್ಪತ್ತಕ್ಕೆ 90,000. ಉರುಷಿ, ಕುಂಚ, ಕಾಗದ, ತಪ್ಪಿ ಕೊಂಡ ಕಾಶೂ ಸೇರಿ ಸುಮಾರು 21,000. ಪೆಟ್ಟಿಗೆ, ಡಾಕ್ಟರು ಎಲ್ಲ ಕೂಡಿಸಿದರೆ ಒಟ್ಟು 1,20,000 ಯೆನ್. ನಮ್ಮ ರೂಪಾಯಿಯಲ್ಲಿ 65–70 ಸಾವಿರ. ಅರ್ಧ ಖರ್ಚಿನಲ್ಲಿ ಮಾಡಬಹುದಿತ್ತು ಅಂತ ನಾನು ಹೇಳುವುದಿಲ್ಲ. ಕಾಶೂ, ಎರಡು ತರಗತಿ, ಎರಡನೇ ಸಲದ ಡಾಕ್ಟರು, ಇವಿಷ್ಟು ಖಂಡಿತ ಉಳಿಸಬಹುದಿತ್ತು.

ಚಿತ್ರವನ್ನು ಅಮ್ಮನಿಗೆ ಕಳಿಸುತ್ತೇನೆ. ಅಂಕೋಲೆಯ ಮಳೆಗಾಲದ ತೇವ ಉರುಷಿಗೆ ಒಳ್ಳೆಯದೇ, ಆದರೆ ಕಾಗದಕ್ಕೆ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು. ಬಿಸಿಲು ಬೀಳುವ ಗೋಡೆಗೆ ಹಾಕಬಾರದು, ಬಿಸಿಲಿಗೆ ಹೊಳಪು ಸಾಯುತ್ತದೆ. ಸೀಸೆಯಲ್ಲಿ ಉಳಿದ ಉರುಷಿ, ಕರ್ಪೂರದ ಎಣ್ಣೆ ಇಲ್ಲೇ ಇರುತ್ತವೆ. ಬೆಂಕಿ ಹಿಡಿಯುವ ಎಣ್ಣೆಯನ್ನು ವಿಮಾನದಲ್ಲಿ ಒಯ್ಯುವ ಯೋಚನೆ ಮಾಡಬೇಡಿ.

ತೊಟ್ಟಿನ ಹಸಿರು ಈಗ ಕಂದಿನ ಹಾಗೆ ಮಂಕಾಗಿದೆ. ನೋಡಿ ಮೊದಲು ಬೇಸರವಾಗಿತ್ತು. ಉರುಷಿಯೊಳಗಿನ ಬಣ್ಣ ತಿಂಗಳುಗಟ್ಟಲೆ ನಿಧಾನವಾಗಿ ತಿಳಿಯಾಗುತ್ತದೆ ಅಂದರು ಗುರುಗಳು. ಜುಲೈನಲ್ಲಿ ಬಣ್ಣ ಪರೀಕ್ಷಿಸಲು ಅದೇ ಹಸಿರು ಬಳಿದ ಒಂದು ಕಾಗದದ ಚೂರು ನನ್ನ ಡಬ್ಬಿಯಲ್ಲಿತ್ತು. ನಿನ್ನೆ ಸಂಜೆ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅದರ ಕಂದು ಹೋಗಿ ಎಳೆ ತೊಟ್ಟಿನ ಹಸಿರು ಮೇಲೆ ಬಂದಿದೆ.